ಅಟ್ಟದ ಮೇಲಿನ ಕೊಡಲಿ

ಹಾಲೆಂಡಿನ ಒಂದು ಹಳ್ಳಿಯಲ್ಲಿ ಮನೆ ಕೊಳ್ಳುತ್ತಿದ್ದೇನೆ ಎಂದು ಮಗಳು ಹೇಳಿದ್ದು ಮಳೆಗಾಲದ ಒಂದು ಸೋಮವಾರ ಮಧ್ಯಾಹ್ನ. ಆ ವಾರವಿಡೀ ಮರವಂತೆಯಲ್ಲಿ ಕಡಲು ಹೆದ್ದಾರಿಯ ಮೇಲೆ ನೊರೆ ಎರಚುತ್ತಿತ್ತು. ರಸ್ತೆಯ ಆಚೆ ಕಡಲು, ಈಚೆ ಹೊಳೆ, ಹೊಳೆಯ ಬದಿಗೆ ನಾವು. ನಾನು ಜಗಲಿಯಲ್ಲಿ ಕುಳಿತು ಬಸ್ಸುಗಳು ಆ ನೊರೆಯೊಳಗೆ ಹೊಕ್ಕು ಹೊರಬರುವುದನ್ನು ನೋಡುತ್ತಿದ್ದೆ. ಒಂದೊಂದು ಬಸ್ಸೂ ಹೊರಬಂದ ಮೇಲೆಯೇ ನನಗೆ ಉಸಿರು. ಹಳೆಯ ಹ್ಯಾಬಿಟ್, ಬಿಟ್ಟಿಲ್ಲ.

“ಅಮ್ಮ, ಕಾಣ್, ಇದೇ ಮನಿ,” ಎಂದು ಅವಳು ಫೋನಿನ ಕ್ಯಾಮೆರಾ ತಿರುಗಿಸಿದಳು.

ಕೆಂಪು ಇಟ್ಟಿಗೆಯ ಪುಟ್ಟ ಮನೆ. ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಬಿಳಿ ಕಿಟಕಿ, ಕಿಟಕಿಗೆ ಪರದೆಯೇ ಇಲ್ಲ. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲ, ಭಾನುವಾರದ ಪ್ರೇಯರ್ ಮುಗಿದ ಮೇಲಿನ ನಮ್ಮ ಕಾನ್ವೆಂಟ್ ಅಂಗಳದ ಹಾಗೆ. “ಸೋ ಸ್ವೀಟ್” ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಹಿಂದಿನ ಬಾಗಿಲು ತೆರೆದಳು. ಚೂರು ಹುಲ್ಲುಹಾಸು, ಅದರಾಚೆ ಎತ್ತರದ ಒಂದು ಮಣ್ಣಿನ ದಿಣ್ಣೆ. ಆ ದಿಣ್ಣೆಯ ಮೇಲೆ, ಮಗಳ ತಲೆಗಿಂತ ಎತ್ತರದಲ್ಲಿ, ನಾಲ್ಕೈದು ಬಾತುಕೋಳಿಗಳು ಸಾಲಾಗಿ ತೇಲಿಹೋದವು.

ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ.

“ಆ ಬಾತುಕೋಳಿ ಎಲ್ಲಿ ಈಜ್ತಾ ಇತ್ತ್?”

“ಕಾಲುವಿಯಗೆ.”

“ಕಾಲುವಿ ನಿನ್ನ ತಲಿಗಿಂತ ಮೇಲೆ ಇತ್ತಾ?”

“ಇಲ್ಲೆಲ್ಲ ಹಾಂಗೇ ಅಮ್ಮ. ಊರೇ ಕಡ್ಲಿಗಿಂತ ಕೆಳ್ಗೆ ಇತ್ತ್.”

ಕುಂದಾಪುರದ ಕಾನ್ವೆಂಟಿನಲ್ಲಿ ಜಿಯಾಗ್ರಫಿ ಸಿಸ್ಟರ್ ಗೋಡೆಯ ಮ್ಯಾಪಿನಲ್ಲಿ ಹಾಲೆಂಡಿಗೆ ಕೋಲು ತಟ್ಟಿ ಕೇಳುತ್ತಿದ್ದರು, ನಾವು ಸಾಲಾಗಿ ನಿಂತು “ಬಿಲೋ ಸೀ ಲೆವೆಲ್, ಸಿಸ್ಟರ್” ಎಂದು ರಾಗವಾಗಿ ಹೇಳುತ್ತಿದ್ದೆವು. ಬಾಯಿಪಾಠಕ್ಕೆ ಮಾರ್ಕ್ಸ್ ಸಿಗುತ್ತಿತ್ತು. ಅದೇ ಮೂರು ಶಬ್ದಗಳು ಇಷ್ಟು ವರ್ಷಗಳ ಮೇಲೆ ಬಂದು ನನ್ನ ಮಗಳ ಅಡುಗೆಮನೆಯ ಹಿಂದೆ ನಿಂತಿದ್ದವು.

ಒಳಗಿನಿಂದ ನಾದಿನಿ ಬಂದು ನನ್ನ ಹೆಗಲ ಮೇಲಿಂದ ಫೋನಿಗೆ ಇಣುಕಿದಳು. ನನ್ನ ಗಂಡನ ತಂಗಿ ಅವಳು. ಗಂಗೊಳ್ಳಿ ಬಂದರಿನಲ್ಲಿ ಮೀನು ವ್ಯಾಪಾರ ಮಾಡಿ ಗಟ್ಟಿಯಾದ ಗಂಟಲು. ಈ ಮನೆ ಅವಳದ್ದು. ಅವಳು, ಅವಳ ಮಗ, ಸೊಸೆ, ಮೊಮ್ಮಕ್ಕಳು, ನಡುವೆ ನಾನು.

“ಹ್ವಾಯ್ ಅತ್ಗೀ, ಕಡ್ಲಿಗೆ ಹೆದ್ರಿ ಓಡಿದ್ ಹೆಣ್ಣ್ ಕಡ್ಲಿನ್ ಅಡಿಗೇ ಹೋಯಿ ಮನಿ ಮಾಡುದಾ? ಮೀನ್ ಆಪುಕೆ ಹೊರ್ಟದ್ದಾ ಎಂತ?”

“ನಂಗೆ ಕೇಣ್ತಾ ಇತ್ತ್, ಅತ್ತೆ,” ಎಂದಳು ಮಗಳು.

“ಕೇಣ್ಲಿ ಅಂದೇ ಹೇಳದ್ದ್ ಮಾರಾಯ್ತಿ!”

ಮಗಳು ನಗಲಿಲ್ಲ. ಅಗ್ರಿಮೆಂಟಿಗೆ ಆವತ್ತು ಬೆಳಿಗ್ಗೆಯೇ ಸಹಿ ಹಾಕಿದ್ದಾಳಂತೆ. ಆದರೆ ಆ ದೇಶದ ಕಾನೂನಿನಲ್ಲಿ, ಸಹಿಯಾದ ಮೇಲೂ ಕೊಳ್ಳುವವರಿಗೆ ಮನಸ್ಸು ಬದಲಿಸಲು ಮೂರು ದಿನ ಅವಕಾಶವಿದೆಯಂತೆ. “ನೀ ಬೇಡ ಅಂದ್ರೆ ಬಿಡ್ತೆ ಅಮ್ಮ. ಗುರ್ವಾರದೊಳ್ಗೆ ಹೇಳ್. ನೀ ಇಲ್ಲಿ ಬಂದ್ ನಿಲ್ಲುಕೆ ಹೆದ್ರೂ ಮನಿ ನಂಗೆ ಬೇಡ.”

ನಿಜವಾಗಿಯೂ ಬಿಟ್ಟುಬಿಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ರಸ್ತೆಯ ಆ ಕಡೆ, ಈಗ ಬರೀ ಕಪ್ಪು ಕಲ್ಲುಗಳ ರಾಶಿ ಇರುವಲ್ಲಿ, ನಮಗೊಂದು ಹಂಚಿನ ಮನೆಯಿತ್ತು. ಮೊದಲು ತೆಂಗಿನ ಮರಗಳು ಹೋದವು. ಬುಡದ ಮರಳು ಜಾರಿ, ಬೇರು ತೋರಿಸಿಕೊಂಡು ಕೆಲವು ದಿನ ನಿಂತು, ಆಮೇಲೆ ಸುಸ್ತಾದವರ ಹಾಗೆ ಮಲಗುತ್ತಿದ್ದವು. ಆಮೇಲೆ ಕೊಟ್ಟಿಗೆ. ಒಂದು ದಿನ ನಾನು ಗಂಜಿ ಬಸಿಯುತ್ತಿದ್ದಾಗ ಅಡುಗೆಕೋಣೆಯ ಹಿಂಗೋಡೆ ಸದ್ದಿಲ್ಲದೆ ಹೊರಕ್ಕೆ ವಾಲಿತು. ಗೋಡೆ ಇದ್ದ ಜಾಗದಲ್ಲಿ ಕಡಲು ಕಂಡಿತು. ಮಗಳಿಗೆ ಆಗ ಆರೋ ಏಳೋ. ಅಳಲಿಲ್ಲ. ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ ಮಾತು: “ಅಮ್ಮ, ಇದನ್ನ್ ಯಾರೂ ನಿಲ್ಸುದಿಲ್ಯಾ?”

ಅದನ್ನೇ ಕೇಳುತ್ತ ಬೆಳೆದು, ಕಡಲಿಗೆ ಒಡ್ಡು ಕಟ್ಟುವ ಇಂಜಿನಿಯರ್ ಆದಳು. ಆ ಗೋಡೆ ವಾಲಿದಂದಿನಿಂದ ಅವಳು ಇದ್ದದ್ದೆಲ್ಲ ಬೇರೆಯವರ ಮನೆಗಳಲ್ಲಿ. ಮೊದಲು ಅತ್ತೆಯ ಈ ಮನೆ, ಆಮೇಲೆ ಹಾಸ್ಟೆಲ್, ಆಮೇಲೆ ಬಾಡಿಗೆ ರೂಮುಗಳು. ನಲವತ್ತು ದಾಟಿದ ಮೇಲೆ ಮೊದಲ ಸಲ “ನನ್ ಮನಿ” ಎನ್ನುತ್ತಿದ್ದಾಳೆ. ಬೇಡ ಅನ್ನಲು ನನಗೆ ನಾಲಿಗೆ ಬರಲಿಲ್ಲ. ಹೂಂ ಅನ್ನಲು ಎದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾದಿನಿಯ ಮೊಮ್ಮಗಳ ಕೈಯಲ್ಲಿ ಫೋನಿನ ಮ್ಯಾಪ್ ತೆಗೆಸಿ ಆ ಹಳ್ಳಿ ನೋಡಿದೆ. ಎಲ್ಲಿ ಬೆರಳಿಟ್ಟರೂ ನೀಲಿ. ನಾದಿನಿ ಬಂಗುಡೆ ಮೀನು ಹೆಚ್ಚುತ್ತ ನನ್ನನ್ನೇ ನೋಡುತ್ತಿದ್ದಳು.

“ಅತ್ಗೀ, ಹೀಂಗೆ ಮುಖ ಬಾಡ್ಸ್ಕಂಡ್ ಕೂಕಂಡ್ರೆ ಎಂತ ಆತ್ತ್? ಅಬ್ಬಿ ಇದ್ದಿದ್ರೆ ಮುಡಿ ಎಲ್ಲಿತ್ತ್ ಅಂದ್ ಕಾಣಿ ಅಂತಿದ್ಲ್.”

ಅಬ್ಬಿ ಎಂದರೆ ನನ್ನ ಅತ್ತೆ. ಹಿಂದೆ ಮಳೆ ಹಿಡಿಯುವ ಮೊದಲು ನಮ್ಮಲ್ಲಿ ಅಕ್ಕಿ ಮುಡಿಗಳನ್ನು, ಎಂದರೆ ಬೈಹುಲ್ಲಿನಲ್ಲಿ ಗುಂಡಗೆ ಬಿಗಿದು ಕಟ್ಟಿದ ಅಕ್ಕಿಯನ್ನು, ಅಟ್ಟಕ್ಕೆ ಏರಿಸುತ್ತಿದ್ದರು. ಕಡಲ ಬದಿಯ ಯಾವ ಮನೆಗೆ ಹೆಣ್ಣು ಕೊಡುವ ಮಾತು ಬಂದರೂ ಅತ್ತೆ ಮಳೆಗಾಲದಲ್ಲೇ ಆ ಮನೆಗೆ ಹೋಗುತ್ತಿದ್ದರು. ಗಂಡಿನ ಮುಖ ನೋಡುವ ಮೊದಲು ಮುಡಿ ಎಲ್ಲಿದೆ ಎಂದು ನೋಡುತ್ತಿದ್ದರು. ನೆಲದ ಮೇಲಿದ್ದರೆ ಕಾಫಿ ಕುಡಿದು ಎದ್ದು ಬರುತ್ತಿದ್ದರು. ನೀರಿನ ಹತ್ತಿರ ಇದ್ದೂ ನೀರಿಗೆ ಹೆದರದ ಮನೆಗೆ ಹೆಣ್ಣು ಕೊಡುವುದಿಲ್ಲ ಎಂಬುದು ಅವರ ಹಟ.

ನಾನು ಮಗಳಿಗೆ ಫೋನ್ ಮಾಡಿದೆ. “ನಿನ್ ಮನಿ ಅಟ್ಟದಗೆ ಎಂತ ಇತ್ತ್?”

“ಎಂತದೂ ಇಲ್ಲೆ. ಖಾಲಿ ಮನಿ ಅಲ್ದಾ?”

“ಹಾಂಗಾರೆ ಪಕ್ಕದ್ ಮನಿಗೆ ಹೋಗ್. ಅವ್ರ್ ಬೇಕಾದ್ ಸಾಮಾನ್ ಎಲ್ಲಿ ಇಡ್ತ್ರ್ ಅಂದ್ ಕಾಣ್.”

“ಅಮ್ಮ, ಇಲ್ಲಿ ಅಪಾಯಿಂಟ್‌ಮೆಂಟ್ ಇಲ್ದೆ ಯಾರ್ ಮನಿಗೂ ಹೋಪುಕಿಲ್ಲೆ. ಹೋಯಿ ನಿಮ್ಮ ಅಟ್ಟ ತೋರ್ಸಿ ಅಂದ್ರೆ ಪೊಲೀಸ್ನ ಕರಿತ್ರ್.”

“ಉಪ್ಪಿನಕಾಯಿ ಬಾಟ್ಲಿ ತಕಂಡ್ ಹೋಗ್!” ಎಂದು ನಾದಿನಿ ಅಡುಗೆಮನೆಯಿಂದಲೇ ಕೂಗಿದಳು.

ಬುಧವಾರ ಮಧ್ಯಾಹ್ನ ಮಗಳ ಕರೆ ಬಂತು. ಈ ಸಲ ಫೋನಿನಲ್ಲಿ ಅವಳ ಜೊತೆ ಬಿಳಿ ಕೂದಲಿನ ಒಬ್ಬ ಹೆಂಗಸು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಪಕ್ಕದ ಮನೆಯವರು. ಮೇಜಿನ ಮೇಲೆ ನಮ್ಮ ಮಿಡಿ ಉಪ್ಪಿನಕಾಯಿ, ಒಂದು ಕಪ್ ಕಾಫಿ, ಒಂದೇ ಒಂದು ಬಿಸ್ಕತ್ತು.

“ಒಂದೇಯಾ?” ಎಂದು ನಾದಿನಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಅವಳ ಕೈ ಚಿವುಟಿದೆ.

ಅವರ ಕೋಣೆಯನ್ನು ನಾನು ಒಂದೇ ನೋಟದಲ್ಲಿ ನೋಡಿಬಿಟ್ಟೆ. ಪಿಯಾನೋ ನೆಲದ ಮೇಲೆ. ಪುಸ್ತಕದ ಕಪಾಟು ನೆಲದ ಮೇಲೆ. ಮದುವೆಯ ಫೋಟೋಗಳು ಗೋಡೆಯಲ್ಲಿ ನನ್ನ ಸೊಂಟದ ಎತ್ತರದಲ್ಲಿ. ಕಾಲುವೆ ನೆತ್ತಿಯ ಮೇಲೆ ಹರಿಯುತ್ತಿದೆ, ಇವರು ಎಲ್ಲವನ್ನೂ ನೆಲಕ್ಕಿಟ್ಟು ಬಿಸ್ಕತ್ತು ತಿನ್ನುತ್ತಿದ್ದಾರೆ! ಅತ್ತೆಯಾಗಿದ್ದರೆ ಆ ಕ್ಷಣವೇ ಏಳುತ್ತಿದ್ದರು.

ಕಾನ್ವೆಂಟ್ ಕಲಿಸಿದ ಮ್ಯಾನರ್ಸ್ ನನ್ನ ಬಾಯಲ್ಲಿ ತಾನಾಗಿ ಹೊರಟವು. “ಗುಡ್ ಆಫ್ಟರ್‌ನೂನ್, ಮೇಡಂ. ಮೇ ಐ ಆಸ್ಕ್ ಯು ಸಮ್‌ಥಿಂಗ್?”

“ಪ್ಲೀಸ್,” ಎಂದರು ಅವರು.

“ಆರ್ ಯು ನಾಟ್ ಅಫ್ರೇಡ್ ಆಫ್ ದ ವಾಟರ್?”

ಮಗಳು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡದ್ದು ಕಂಡಿತು. ಆ ಹೆಂಗಸು ಮಾತ್ರ ನಗಲಿಲ್ಲ. ನೀರು ನೋಡಿಕೊಳ್ಳಲು ಇಲ್ಲಿ ಆಫೀಸಿದೆ, ಪಂಪುಗಳಿವೆ, ಒಡ್ಡು ಭದ್ರವಾಗಿದೆ ಎಂದು ಮೊದಲು ಪಾಠ ಒಪ್ಪಿಸುವ ಹಾಗೆ ಹೇಳಿದರು. ನಮ್ಮ ಕಡಲು ಹಿಂದಿನಿಂದ ಮೊರೆಯುತ್ತಿತ್ತು. ಅದು ಅವರಿಗೂ ಕೇಳಿಸಿರಬೇಕು.

“ಈಸ್ ದಟ್ ಯುವರ್ ಸೀ?” ಎಂದು ಕೇಳಿದರು.

“ಯೆಸ್,” ಎಂದೆ. “ಇಟ್ ಟುಕ್ ಅವರ್ ಹೌಸ್.”

ಅವರು ಮಗಳ ಕಡೆ ತಿರುಗಿ ಏನೋ ಹೇಳಿ ಮೇಲಕ್ಕೆ ಕೈ ತೋರಿಸಿದರು. ತಮ್ಮ ಮಂಡಿ ಆ ಏಣಿ ಹತ್ತಲು ಬಿಡುವುದಿಲ್ಲವಂತೆ. ಮಗಳು ಹತ್ತಿದಳು, ಅವಳ ಜೊತೆ ಫೋನಿನಲ್ಲಿ ನಾನೂ ಹತ್ತಿದೆ. ಅಟ್ಟದಲ್ಲಿ ಹಳೆಯ ಸೂಟ್‌ಕೇಸುಗಳು, ಒಂದು ತೊಟ್ಟಿಲು. ಹಂಚಿನ ಮಾಡಿನ ಅಡ್ಡತೊಲೆಗೆ ಎರಡು ಮೊಳೆ ಹೊಡೆದು ತೂಗುಹಾಕಿದ್ದ ಒಂದು ಕೊಡಲಿ. ಹಿಡಿ ಹಳತು, ಬಾಯಿಗೆ ಎಣ್ಣೆ ಸವರಿತ್ತು.

ಕೆಳಗಿನಿಂದ ಅವರ ಧ್ವನಿ ಬಂತು. ಮಗಳು ಅದನ್ನು ನಮಗೆ ಕನ್ನಡದಲ್ಲಿ ಹೇಳಿದಳು. ಅವರು ಸಣ್ಣ ಮಗುವಾಗಿದ್ದಾಗ ಕಡಲು ಒಡ್ಡು ಒಡೆದು ಊರೊಳಗೆ ಬಂದಿತ್ತಂತೆ. ಮನೆಯವರೆಲ್ಲ ಅಟ್ಟ ಹತ್ತಿದರಂತೆ, ನೀರೂ ಹತ್ತಿತಂತೆ. ಮಾಡು ಒಡೆದು ಹೊರಗೆ ಹೋಗೋಣವೆಂದರೆ ಅಪ್ಪನ ಕೊಡಲಿ ಕೆಳಗಿನ ಶೆಡ್ಡಿನಲ್ಲಿ ಉಳಿದಿತ್ತಂತೆ. ಅಪ್ಪ ಬರಿಗೈಯಲ್ಲಿ ಹಂಚು ಕಿತ್ತರಂತೆ. ಆಮೇಲೆ ಇವರಿಗೆ ಇಡೀ ಜೀವಮಾನ, ಎಲ್ಲಿ ಬಿಡಾರ ಹೂಡಿದರೂ, ಮೊದಲು ಅಟ್ಟಕ್ಕೆ ಒಂದು ಕೊಡಲಿ. ತಮ್ಮ ಮಕ್ಕಳು ಇದನ್ನು ನೋಡಿ ನಗುತ್ತಾರೆ ಎಂದರಂತೆ.

ನಾದಿನಿ ನಗಲಿಲ್ಲ. ಸೀರೆಯ ತುದಿಯಿಂದ ಮೂಗು ಒರೆಸಿಕೊಂಡು, “ಮುಡಿ ಅಟ್ಟದಗೇ ಇತ್ತ್ ಅತ್ಗೀ,” ಎಂದಳು.

ನನ್ನ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆನೆಸ್ಟ್ಲಿ, ಹೆಚ್ಚಾಯಿತು. ಒಡ್ಡು ಒಡೆಯಬಹುದು ಎಂಬುದು ಅಲ್ಲಿಯವರೆಗೆ ನನ್ನ ಕಲ್ಪನೆ ಮಾತ್ರವಾಗಿತ್ತು, ಈಗ ಅದಕ್ಕೆ ಒಬ್ಬರು ಸಾಕ್ಷಿ ಸಿಕ್ಕಿದ್ದರು. ಆದರೆ ಎರಡು ಮನೆಗಳ ನಡುವಿನ ಆ ಗೋಡೆಯ ಆಚೆ ಬದಿಯಲ್ಲಿ ನನ್ನ ಹಾಗೆಯೇ ಕಿವಿಗೊಟ್ಟು ಕೂರುವ ಒಂದು ಜೀವ ಇದೆ. ಮಗಳು ಮರೆತು ನಿದ್ದೆ ಹೋದರೂ ಅವರು ಮರೆಯುವುದಿಲ್ಲ.

“ಮನಿ ತಕೋ,” ಎಂದೆ ಮಗಳಿಗೆ. “ಪರದೆ, ಸೋಫಾ ಎಲ್ಲಾ ಮತ್ತೆ. ಮೊದ್ಲ್ ಒಂದ್ ಕೊಡ್ಲಿ ತಕೋ.”

“ಒಡ್ಡು ಕಟ್ಟೂ ಇಂಜಿನಿಯರ್ ಮನಿ ಅಟ್ಟದಗೆ ಕೊಡ್ಲಿಯಾ? ನನ್ ಆಫೀಸಿನಗೆ ಗೊತ್ತಾದ್ರೆ ಎಂತ ಹೇಳುದ್?”

“ನನ್ನಮ್ಮನ ಷರತ್ತ್ ಅಂದ್ ಹೇಳ್.”

“ಬೇರೆಯವ್ರ್ ಮನಿ ಒಕ್ಲಿಗೆ ಹಾಲ್ ಉಕ್ಕ್ಸ್ತ್ರ್, ನಮ್ಮ್ ಅತ್ಗಿ ಕೊಡ್ಲಿ ಕಟ್ಸ್ತ್ಲ್,” ಎಂದಳು ನಾದಿನಿ. ಗಂಟಲು ಮತ್ತೆ ಬಂದರಿನ ಎತ್ತರಕ್ಕೆ ಏರಿತ್ತು.

ಹಾಲೂ ಉಕ್ಕಿತು, ಕೊಡಲಿಯೂ ಅಟ್ಟಕ್ಕೆ ಏರಿತು. ಈಗ ಮಳೆಗಾಲದಲ್ಲಿ ನನಗೆ ಈ ಕಡಲಿನ ಹೆದರಿಕೆ, ಚಳಿಗಾಲದಲ್ಲಿ ಆ ಕಡಲಿನದ್ದು. ಫೋನಿನಲ್ಲಿ ಎರಡೂ ಊರುಗಳ ವೆದರ್ ಹಾಕಿಸಿಕೊಂಡಿದ್ದೇನೆ. ಅಲ್ಲಿ ಗಾಳಿ ಜೋರಾಗುತ್ತದೆ ಎಂದು ಕಂಡರೆ ನನ್ನ ಕಾಲು ಜಗಲಿಯಲ್ಲಿ ನಿಲ್ಲುವುದಿಲ್ಲ.

ಮೊನ್ನೆ ಅಂಥ ಒಂದು ದಿನ ಮಗಳೊಡನೆ ಮಾತಾಡುತ್ತಿದ್ದೆ. ಅವಳ ಕಿಟಕಿಯ ಗಾಜು ಗುಂಯ್ ಎನ್ನುತ್ತಿತ್ತು. ಮಾತಿನ ನಡುವೆ ಅವಳ ಹಿಂದಿನ ಗೋಡೆಯಿಂದ ಟಕ್ ಟಕ್ ಎಂದು ಸದ್ದು ಬಂತು.

“ಎಂತ ಅದ್?”

“ಆಚೆ ಮನಿಯವ್ರ್ ಅಮ್ಮ. ಗಾಳಿ ಬಂದಾಗೆಲ್ಲ ತಟ್ತ್ರ್. ನಾನ್ ಎದ್ದಿದ್ನಾ ಅಂದ್ ಕೇಣುದ್.”

“ನೀ ಎಂತ ಮಾಡ್ತೆ?”

ಅವಳು ಕೈ ಹಿಂದಕ್ಕೆ ಚಾಚಿ ಗೋಡೆಗೆ ಟಕ್ ಟಕ್ ಎಂದು ತಿರುಗಿ ತಟ್ಟಿದಳು. ನಾನು ಜಗಲಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. “ಇನ್ನೊಂದ್ ಸಲ ತಟ್ಟ್,” ಎಂದೆ, “ಜೋರಾಗಿ. ಅವ್ರಿಗೆ ಕೇಣ್ಲಿ.”