ಬೂತ್ ಕಾಕೂನ ಬಿಳಿ ಹೆಬ್ಬೆರಳು

ಎಲೆಕ್ಷನ್ ಬಂದರೆ ಊರವರ ಬೆರಳೆಲ್ಲ ಕಪ್ಪಾಗುತ್ತವೆ. ಬೂತ್ ಕಾಕೂನ ಬಲಗೈ ಹೆಬ್ಬೆರಳು ಮಾತ್ರ ಎಲೆಕ್ಷನ್ ಇರಲಿ ಬಿಡಲಿ, ವರ್ಷವಿಡೀ ಬೆಳ್ಳಗಿರುತ್ತಿತ್ತು. ಉಳಿದ ಕಾಕೂ ಹಳೇ ಬೆಲ್ಲದ ಬಣ್ಣ. ಆ ಒಂದು ಬೆರಳು ಬೇರೆ ಯಾರದೋ ತಂದು ಹಚ್ಚಿದಂತೆ ಕಾಣುತ್ತಿತ್ತು. ಗೋಕಾಕ ಫಾಲ್ಸ್ ನೋಡಲು ಬಂದ ಬಿಳಿ ಸಾಹೇಬನೊಬ್ಬ ಬಂಡೆಯ ಮೇಲೆ ಮರೆತು ಹೋದ ಬೆರಳು ಅದು ಅಂತ ನಾನು ನನ್ನ ತಮ್ಮನಿಗೆ ಹೇಳಿದ್ದೆ. ಅವನು ಎರಡು ವರ್ಷ ನಂಬಿದ. ಸರಿ, ಎರಡು ವಾರ.

ಖರೆ ಕಾರಣ ಪಾಟಿ. ಕಲ್ಲಿನ ಪಾಟಿ, ಅಂದರೆ ಸ್ಲೇಟು, ಒಂದನೇ ಇಯತ್ತೆಯ ಮಕ್ಕಳದು. ಕಟ್ಟಿಗೆಯ ಅಂಚಿನ ಒಂದು ಮೂಲೆ ಮುರಿದಿತ್ತು. ಕಾಕೂನ ಅಂಗಡಿಯಲ್ಲಿ ಯಾರ ಫೋನ್ ನಂಬರನ್ನೂ ಕಾಗದದ ಮೇಲೆ ಬರೆಯುವಂತಿರಲಿಲ್ಲ. ಪಾಟಿಯ ಮೇಲೆ ಬಳಪದಿಂದ ಬರೆಯಬೇಕು, ಕಾಕೂ ಕೆಲಸ ಮುಗಿಸಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು. ಆಮೇಲೂ ಎಲ್ಲೋ ಒಂದು ಏಳೋ ಒಂಬತ್ತೋ ಮಸುಕಾಗಿ ಉಳಿದಿದ್ದರೆ ಹೆಬ್ಬೆರಳಿನಿಂದ ತಿಕ್ಕಬೇಕು. ನಮ್ಮ ಘೋಡಗೇರಿಯ ಅರ್ಧ ಊರಿನ ನಂಬರು ಆ ಬೆರಳಿನಲ್ಲಿ ಸೇರಿ ಬಿಳಿಯಾಗಿತ್ತು.

ಕಾಕೂ ಅಂದರೆ ಚಿಕ್ಕಮ್ಮ, ಆದರೆ ನಮಗೆ ರಕ್ತಸಂಬಂಧವೇನಲ್ಲ. ಊರೆಲ್ಲ ಕಾಕೂ ಅನ್ನುತ್ತಿತ್ತು, ನಾವೂ ಅನ್ನುತ್ತಿದ್ದೆವು. ನನ್ನ ಅಪ್ಪ ಮಾತ್ರ 'ವೈನಿ' ಅನ್ನುತ್ತಿದ್ದ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ಸಣ್ಣಂದಿನಲ್ಲೇ ಎಡಗಾಲು ಸೋತಿದ್ದರಿಂದ ಅವರಿಗೆ ಸರಕಾರದಿಂದ ಎಸ್‌ಟಿಡಿ ಬೂತ್ ಸಿಕ್ಕಿತ್ತು. ಬಸ್ ನಿಲ್ಲುವ ಕಟ್ಟೆಯ ಪಕ್ಕ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಚಂದ್ರಿ ಎಂಬ ಎಮ್ಮೆ. ಬೋರ್ಡಿನ ಮೇಲಿದ್ದ 'ಬೂತ್' ಎಂಬುದರ ಬ-ಕ್ಕೆ ಯಾರೋ ಕೆಳಗೊಂದು ಗೀಟು ಎಳೆದು 'ಭೂತ್' ಮಾಡಿದ್ದರು. ಜಗತ್ತಿನಲ್ಲಿ ಬರೆದದ್ದನ್ನೆಲ್ಲ ಅಳಿಸುವ ಕಾಕೂ ಅದೊಂದನ್ನು ಅಳಿಸಲಿಲ್ಲ.

"ಇರಲಿ ಬಿಡು. ಮಂದಿಗೆ ಒಂಚೂರ ಅಂಜಿಕಿ ಇದ್ದರ ಛಲೋ" ಅಂದರು.

ಅಂಜಿಕೆ ಬೇಕೇ ಆಗಿತ್ತು. ಆಗೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಒಬ್ಬರು ಮಾತಾಡುತ್ತಿದ್ದರೆ ಹೊರಗೆ ಹತ್ತು ಜನ ಕಿವಿ ಚಾಚಿ ನಿಲ್ಲುತ್ತಿದ್ದರು. ಕಾಕೂ ಅದಕ್ಕಾಗಿ ಒಂದು ಟೇಬಲ್ ಫ್ಯಾನು ಇಟ್ಟಿದ್ದರು. ಅದರಿಂದ ಗಾಳಿ ಬಂದದ್ದನ್ನು ನೋಡಿದವರು ಯಾರೂ ಈಗ ಬದುಕಿಲ್ಲ. ಆದರೆ ಸದ್ದು! ಕಬ್ಬಿನ ಲೋಡು ತುಂಬಿದ ಟ್ರ್ಯಾಕ್ಟರು ಅಂಗಡಿಯೊಳಗೇ ದಿಬ್ಬ ಹತ್ತಿದ ಹಾಗೆ. ಯಾರಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಕಾಕೂ ಫ್ಯಾನು ಹಚ್ಚಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದರು. ಮಾತು ಮುಗಿದ ಮೇಲೆ ಮಷಿನ್ನಿನಿಂದ ಬರುವ ಬಿಲ್ಲಿನ ಚೀಟಿಯಲ್ಲಿ, ಫೋನು ಹಚ್ಚಿದ ನಂಬರು ಇರುವ ತುಂಡನ್ನು ಹರಿದು ಚಹಾದ ಒಲೆಗೆ ಹಾಕುತ್ತಿದ್ದರು. ನಮ್ಮೂರಿನಷ್ಟು ಗುಟ್ಟಿನ ಚಹಾ ಹುಕ್ಕೇರಿ ತಾಲೂಕಿನಲ್ಲಿ ಎಲ್ಲೂ ಕುದಿಯುತ್ತಿರಲಿಲ್ಲ.

ಆಮೇಲೆ ಮೊಬೈಲು ಬಂತು. ಗಾಜಿನ ಪೆಟ್ಟಿಗೆಯಲ್ಲಿ ಕಾಕೂ ಎಮ್ಮೆಯ ಹಿಂಡಿ ತುಂಬಿಟ್ಟು, ಹೊರಗೆ ಕರೆನ್ಸಿ ಹಾಕಲು ಸುರು ಮಾಡಿದರು. ಮೊಬೈಲಿಗೆ ದುಡ್ಡು ತುಂಬುವುದಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಒಂದು ದಿನ ಮೊಬೈಲ್ ಕಂಪನಿಯ ಸಾಹೇಬ ಟೈ ಕಟ್ಟಿಕೊಂಡು ಬಂದ. ಟೈ ಅವನ ಮೊಣಕಾಲಿನ ತನಕ ಇತ್ತು. ಕೈಯಲ್ಲಿ ದಪ್ಪ ವಹಿ. ಕರೆನ್ಸಿ ಹಾಕಿಸಿದವರ ಹೆಸರು, ಊರು, ವಯಸ್ಸು, ಉದ್ಯೋಗ, ಮನೆಯಲ್ಲಿ ಎಷ್ಟು ಜನ, ಎಲ್ಲ ಅದರಲ್ಲಿ ಬರೆಸಬೇಕಂತೆ.

"ಹಲೋ ಅನ್ನಾಕ ವಯಸ್ಸ ಯಾಕ ಬೇಕ್ರಿ, ಸಾಹೇಬರ?" ಅಂದರು ಕಾಕೂ.

"ಮ್ಯಾಲಿನವರು ಕೇಳ್ತಾರ್ರಿ."

"ಮ್ಯಾಲಿನವರಿಗೆ ಅವರವ್ವ ಹೆಸರ ಇಟ್ಟಾಳಿಲ್ಲೋ? ಮೊದಲ ಅವರದ ಬರೀರಿ. ಅವರ ವಯಸ್ಸೆಷ್ಟು, ಮನ್ಯಾಗ ಎಷ್ಟ ಮಂದಿ. ಆಮ್ಯಾಲ ನಮ್ಮದ ಹೇಳ್ತೇವಿ."

ಸಾಹೇಬ ವಹಿ ಮಡಚಿದ. ಬರಿಗೈಯಲ್ಲಿ ಹೋಗಲು ಮನಸ್ಸಾಗದೆ, ಸ್ಕೂಟರ್ ಗೆಲ್ಲುವ ಕೂಪನ್ ಒಂದನ್ನಾದರೂ ತುಂಬಿ ಕೊಡಿ ಅಂದ. ಕಾಕೂ ತುಂಬಿದರು. ಹೆಸರು: ಚಂದ್ರಿಕಾ. ಉದ್ಯೋಗ: ಹೈನ. ಎರಡು ತಿಂಗಳಿಗೆ ಯಾವುದೋ ದೂರದ ಊರಿನ, ಯಾರೂ ಕೇಳದ ಕಚೇರಿಯೊಂದರಿಂದ ಕಾಗದ ಬಂತು. ಶ್ರೀಮತಿ ಚಂದ್ರಿಕಾ ಅವರಿಗೆ ಬಹುಮಾನ ಬಂದಿದೆ, ಮೊದಲು ಖರ್ಚಿನ ಹಣ ಕಳಿಸಿ, ಪತಿಯೊಂದಿಗೆ ಬಂದು ಸ್ವೀಕರಿಸಿ. ಪೋಸ್ಟ್‌ಮನ್ ಅದನ್ನು ಓದಿ ನಗುತ್ತ ನಗುತ್ತ ಸೈಕಲ್ಲಿನಿಂದ ಬಿದ್ದ. ಕಾಕೂ ಮಾತ್ರ ನಗಲಿಲ್ಲ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾ ಹೆಸರ ಕೊಟ್ಟದ್ದು ಒಬ್ಬರಿಗೆ, ಕಾಗದ ಹಾಕಿದವರು ಇನ್ನೊಬ್ಬರು. ಹಾಲ ಮಾರೂದು ಗೊತ್ತಿತ್ತು ನನಗ. ಹೆಸರ ಮಾರೂದು ಈಗ ಗೊತ್ತಾತು."

ಇಷ್ಟೆಲ್ಲ ಕಣ್ಣಾರೆ ಕಂಡ ನಾನು ಎಷ್ಟು ಶಾಣ್ಯಾಕಿ ಆಗಬೇಕಿತ್ತು! ನಾನು ಶಾಣ್ಯಾಕೀನೇ. ಹತ್ತನೇ ಇಯತ್ತೆಯಲ್ಲಿ ಊರಿಗೇ ಮೊದಲು ಬಂದವಳು (ಊರಿನಿಂದ ಪಾಸಾದವರು ಮೂವರು). ಗೋಕಾಕದಲ್ಲಿ ಪಿಯುಸಿ ಸೈನ್ಸಿಗೆ ಹಚ್ಚುವಾಗ ಅಪ್ಪ ಒಂದು ಮೊಬೈಲು ಕೊಡಿಸಿದ. ಜೊತೆಗೆ ಒಂದು ಕರಾರು.

"ಬಸ್ ತಪ್ಪಿದ್ರ ಮನಿಗೆ ಫೋನ್ ಮಾಡಾಕ ಇದು. ಗುರುತಿಲ್ಲದ ಹುಡುಗರದ ಒಂದ ಫೋನ್ ಬಂತಂದ್ರ ಮೊಬೈಲೂ ಬಂದ್, ಕಾಲೇಜೂ ಬಂದ್. ಮೂಡಲಗಿ ಅತ್ತಿ ವರದ ಫೋಟೋ ಹಿಡಕೊಂಡ ಕುಂತಾಳ, ನೆನಪಿರಲಿ."

ಆ ವರನ ಫೋಟೋ ನಾನು ನೋಡಿದ್ದೆ. ಮೀಸೆಯ ಹಿಂದೆ ಎಲ್ಲೋ ಒಬ್ಬ ಮನುಷ್ಯ ಇದ್ದ.

ಗೋಕಾಕದ ಕಾಲೇಜಿನ ದಾರಿಯಲ್ಲಿ ಹೊಸದೊಂದು ಮೊಬೈಲ್ ಅಂಗಡಿ. ಬಣ್ಣಬಣ್ಣದ ಲೈಟು, ಹಾಡು. ಕೌಂಟರಿಗೆ ದಾರ ಕಟ್ಟಿ ಇಳಿಬಿಟ್ಟ ವಹಿ, ವಹಿಗೆ ದಾರ ಕಟ್ಟಿದ ಪೆನ್ನು. ಕರೆನ್ಸಿ ಹಾಕಿಸುವವರು ಅದರಲ್ಲಿ ನಂಬರು ಬರೆಯಬೇಕು. ಬರೀ ನಂಬರು ಸಾಕಿತ್ತು. ಆದರೆ ಗೆಳತಿಯರು ನಿಂತು ನೋಡುತ್ತಿದ್ದರು, ಪೆನ್ನೂ ಕೈಗೆ ಬಂದಿತ್ತು. ನಾನು ಆಟೋಗ್ರಾಫ್ ಕೊಡುವವರ ಹಾಗೆ ಪೂರಾ ಹೆಸರು ಬರೆದೆ. ಕೆಳಗೆ ಊರು. ಅದರ ಕೆಳಗೆ 'ಪಿಯುಸಿ ಸೈನ್ಸ್', ಸೈನ್ಸಿಗೆ ಎರಡು ಗೀಟು. ಇನ್ನೂ ಜಾಗ ಉಳಿದಿತ್ತು, ಒಂದು ಹೂವು ಬಿಡಿಸಿದೆ.

ಬಸ್ಸು ಊರು ಮುಟ್ಟುವುದರೊಳಗೆ ನಲವತ್ತು ಮಿಸ್ಡ್ ಕಾಲ್. ಸರಿ, ಹದಿನಾಲ್ಕು. ಮೆಸೇಜು ಬೇರೆ. ಫೋನನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ಅದು ಜೋಳದೊಳಗಿಂದಲೇ ಗುಂಯ್ ಗುಂಯ್ ಅಂದಿತು. ನುಸಿ ಹತ್ತಿದೆ ಅಂತ ಅವ್ವ ಡಬ್ಬಿ ತೆಗೆದಳು. ಫೋನು ಅಪ್ಪನ ಕೈಗೆ ಹೋಯಿತು, ಅಷ್ಟೊತ್ತಿಗೆ ಮತ್ತೆ ಬಾರಿಸಿತು.

"ಸೈನ್ಸ್ ಹುಡುಗಿ ಅದಾಳೇನ್ರಿ? ಹೂವಿನ ಹುಡುಗಿ?" ಅಂತ ಕೇಳಿತು ಒಂದು ದನಿ.

ಅಪ್ಪ ಚೀರಲಿಲ್ಲ. ಚೀರಿದ್ದರೆ ಬದುಕುತ್ತಿದ್ದೆ. ಮೆಲ್ಲಗೆ ಫೋನು ಬಂದ್ ಮಾಡಿ ಕಿಸೆಯಲ್ಲಿ ಇಟ್ಟುಕೊಂಡ.

"ನಾ ಯಾರಿಗೂ ಕೊಟ್ಟಿಲ್ಲಪ್ಪಾ. ಆಣಿ ಮಾಡಿ ಹೇಳ್ತೇನಿ."

"ಕೊಡಲಾರದ ನಂಬರ್ ಕಾಲ ಬಂದ ನಡಕೋತ ಹೋತೇನ? ಸೋಮವಾರದಿಂದ ಕಾಲೇಜ್ ಬ್ಯಾಡ. ಐತವಾರ ಅತ್ತೀನ ಕರಸ್ತೇನಿ."

ಅವತ್ತು ಗುರುವಾರ.

ಮರುದಿನ ಬೆಳಿಗ್ಗೆ ಕಾಕೂನ ಹತ್ತಿರ ಹೋದೆ. ಹೋಗಿ, ನನ್ನ ಗೆಳತಿ ಒಬ್ಬಾಕಿ ಅದಾಳ, ಆಕಿಗೆ ಹಿಂಗಾಗೇತಿ ಅಂತ ಸುರು ಮಾಡಿದೆ. ಗೆಳತಿಯ ಕಣ್ಣೀರನ್ನೂ ನಾನೇ ಹಾಕುತ್ತಿದ್ದೆ. ಕಾಕೂ ಒಬ್ಬ ಗಿರಾಕಿಯ ನಂಬರು ಒರೆಸುತ್ತ ಕೇಳಿದರು, ಕೊನೆಗೆ ತಲೆ ಎತ್ತದೆ, "ನಿನ್ನ ಗೆಳತಿ ಹೂವ ಯಾಕ ತಗದ್ಲು?" ಅಂದರು.

"ನಿಮಗ ಯಾರ ಹೇಳಿದ್ರು?"

"ಮುಂಜಾನೆ ನಿಮ್ಮಪ್ಪ ಇಲ್ಲೇ ಕುಂತ ಅತ್ತು ಹ್ವಾದ. ಹೂವಿನ ಹುಡುಗಿ ಅಂದ್ರಂತ."

ಅಪ್ಪ ಅತ್ತ ಎಂಬುದು ನನಗೆ ಆ ಹದಿನಾಲ್ಕು ಫೋನಿಗಿಂತ ದೊಡ್ಡ ಸುದ್ದಿ. ವಹಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಗೀಟೂ ಎರಡೇ ಅಂತ ಖರೆ ಹೇಳಿದೆ.

ಕಾಕೂ ಬಹಳ ಹೊತ್ತು ಪಾಟಿಯನ್ನೇ ತಿಕ್ಕುತ್ತಿದ್ದರು. ಅದರ ಮೇಲೆ ಏನೂ ಉಳಿದಿರಲಿಲ್ಲ. "ಬೂತ್ ತಗದ ಹೊಸದರಾಗ ಒಂದ ಸಲ ಬಿಲ್ಲಿನ ಚೀಟಿ ಟೇಬಲ್ ಮ್ಯಾಲ ಬಿಟ್ಟಿದ್ನಿ" ಅಂದರು. "ಒಬ್ಬಾಕಿ ಹುಡುಗಿ ತನ್ನ ಮಾಸ್ತರರಿಗೆ ಫೋನ್ ಮಾಡಿದ್ಲು, ರಿಸಲ್ಟ್ ಕೇಳಾಕ. ನಂಬರ್ ನೋಡಿದವರು ಊರ ತುಂಬ ಏನೇನರ ಹಬ್ಬಿಸಿದ್ರು. ಆಕಿ ಲಗ್ನ ಮುರೀತು. ಸಾಲಿನೂ ಬಿಡಿಸಿದ್ರು. ಆಕಿ ತಪ್ಪ ಏನ ಇತ್ತು ಹೇಳು? ಚೀಟಿ ಬಿಟ್ಟಾಕಿ ನಾ."

ಒಲೆಗೆ ಬಿದ್ದ ಆ ಸಾವಿರ ಚೀಟಿಗಳ ಲೆಕ್ಕ ಅವತ್ತು ನನಗೆ ತಿಳಿಯಿತು.

ಹನ್ನೊಂದರ ಬಸ್ಸಿಗೆ ಕಾಕೂ ಅಂಗಡಿಗೆ ಕೀಲಿ ಹಾಕಿ, ಕೋಲು ಊರಿಕೊಂಡು ಗೋಕಾಕಕ್ಕೆ ಹೋದರು. ಅವರು ಬಸ್ಸು ಹತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆಟ್ಟಿಲು ಎತ್ತರ, ಕಂಡಕ್ಟರನ ಜೊತೆ ಇಬ್ಬರು ಎತ್ತಿ ಹತ್ತಿಸಿದರು. ಮೂರಕ್ಕೆ ತಿರುಗಿ ಬಂದು, ಚಹಾ ಕುಡಿಯದೆ, ಅಪ್ಪನಿಗೆ ಹೇಳಿ ಕಳಿಸಿದರು. ತಮ್ಮಲ್ಲಿ ಅದುವರೆಗೆ ಯಾರಿಗೂ ಕೊಡದ ಇನ್ನೊಂದು ಸಿಮ್ಮು ಇತ್ತು, ಅದನ್ನು ಹಾಕಿದ ಮೊಬೈಲನ್ನು ಟೇಬಲ್ಲಿನ ಮೇಲೆ ಇಟ್ಟರು.

"ಬಾ ತಮ್ಮಾ, ಕುಂದರು. ಮುಂಜಾನಿಂದ ನನಗ ಕಿವಿ ಸರಿ ಇಲ್ಲ. ಫೋನ್ ಬಂದ್ರ ಒಂಚೂರ ನೀ ಮಾತಾಡು."

ಅಪ್ಪ ಕೂತ. ನಾನು ಬಾಗಿಲ ಬಳಿ ನಿಂತೆ. ಫೋನು ಬಾರಿಸಿತು. ಆಗ ಕಾಕೂ ಕೈ ಚಾಚಿ ಫ್ಯಾನು ಬಂದ್ ಮಾಡಿದರು. ಅಂಗಡಿಯಲ್ಲಿ ಫೋನು ಬಂದಾಗ ಆ ಫ್ಯಾನು ನಿಂತದ್ದು ಅದೇ ಮೊದಲು. ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು.

"ಹಲೋ, ಚಂದ್ರಿಕಾ ಅದಾಳೇನ್ರಿ?" ದನಿ ಹೊರಗಿನ ತನಕ ಕೇಳಿಸಿತು.

"ಯಾವ ಚಂದ್ರಿಕಾ?" ಅಂದ ಅಪ್ಪ.

"ಘೋಡಗೇರಿ ಚಂದ್ರಿಕಾ. ಪಿಯುಸಿ. ನಿಮಗೇನಾಗ್ಬೇಕ್ರಿ ಆಕಿ?"

ಅಪ್ಪ ಕಾಕೂನ ಕಡೆ ನೋಡಿದ. ಕಾಕೂ ಬಿಳಿ ಹೆಬ್ಬೆರಳಿನಿಂದ ಹಿತ್ತಲು ತೋರಿಸಿದರು. ಅಲ್ಲಿ ಚಂದ್ರಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಳು.

"ನೀ ಆಕೀನ ನೋಡೀಯೇನ?" ಅಪ್ಪ ಕೇಳಿದ.

"ನೋಡ್ಯೇನ್ರಿ. ನಿನ್ನಿ ಬಸ್‌ಸ್ಟ್ಯಾಂಡಿನ್ಯಾಗ ತಾನಾಗಿ ನಂಬರ್ ಕೊಟ್ಟಾಳ. ನನ್ನ ನೋಡಿ ನಕ್ಕಾಳ. ಹಲ್ಲ ಮುತ್ತಿನಂಗ ಅದಾವ್ರಿ!"

"ಮ್ಯಾಲಿನ ಹಲ್ಲ ಇಲ್ಲಲ್ಲೋ ಮಗನ ಆಕಿಗೆ!" ಅಪ್ಪ ಗುಡುಗಿದ.

ಕಟ್ಟೆಯ ಮೇಲಿನ ಮಂದಿ ಬಿದ್ದು ಬಿದ್ದು ನಕ್ಕರು. ಒಬ್ಬರ ಧೋತರ ಬಿಚ್ಚಿತು. ಇದನ್ನು ಮಾತ್ರ ನಾನು ಎಳೆದು ಹೇಳುತ್ತಿಲ್ಲ. ಅಪ್ಪ ಬೆವರಿದ್ದ. ಕಾಕೂ ನಗಲಿಲ್ಲ.

"ನಾ ಇವತ್ತ ಮಧ್ಯಾಹ್ನ ಆ ಅಂಗಡಿ ವಹಿಯಾಗ ಚಂದ್ರಿ ಹೆಸರ, ಈ ಫೋನಿನ ನಂಬರ್ ಬರದ ಬಂದೇನಿ, ತಮ್ಮಾ. ನಿನ್ನಿ ಆಕಿ ಹಿತ್ತಲದಾಗ ಇದ್ಲು. ಯಾರಿಗೂ ನಂಬರ್ ಕೊಟ್ಟಿಲ್ಲ, ಯಾರನ್ನೂ ನೋಡಿ ನಕ್ಕಿಲ್ಲ. ಈಗೇನ ಮಾಡೂಣು? ಆಕೀನೂ ಮೂಡಲಗಿಗೆ ಕೊಟ್ಟ ಬಿಡೂಣೇನು?"

ಅಪ್ಪ ನೆಲ ನೋಡಿದ. "ಇಕಿನೂ ಬರದಾಳಲ್ಲ, ವೈನಿ" ಅಂದ ಮೆಲ್ಲಗೆ.

"ಬರದಾಳ, ಖರೆ. ಉಡಾಳ ಅದಾಳ, ಹೂವನೂ ತಗದಾಳ. ಆದ್ರ ಕದ್ದವರು ಬ್ಯಾರೆ. ಕಳಕೊಂಡಾಕಿಗೆ ಯಾಕ ಶಿಕ್ಷಾ?"

ಶನಿವಾರ ಅಪ್ಪ ಗೋಕಾಕಕ್ಕೆ ಹೋಗಿ ಆ ಅಂಗಡಿಯ ವಹಿಯನ್ನು ದಾರದ ಸಮೇತ ಇಸಿದುಕೊಂಡು ಬಂದ. ಏನು ಮಾತಾಡಿದನೋ ಇಂದಿಗೂ ಹೇಳಿಲ್ಲ. ವಹಿ ಕಾಕೂನ ಒಲೆಗೆ ಹೋಯಿತು. ಅದರ ಮೇಲೆ ಕುದಿದ ಚಹಾವನ್ನು ನಾವು ಮೂವರೂ ಕುಡಿದೆವು. ಸೋಮವಾರ ನಾನು ಕಾಲೇಜಿಗೆ ಹೋದೆ. ಮೂಡಲಗಿ ಅತ್ತೆ ಆ ವರನನ್ನು ಬೇರೆ ಯಾವುದೋ ಹುಡುಗಿಗೆ ದಾಟಿಸಿದಳು, ಆ ಹುಡುಗಿ ಈಗ ಮೀಸೆಯ ಹಿಂದಿನ ಮನುಷ್ಯನ ಜೊತೆ ಚೆನ್ನಾಗಿಯೇ ಇದ್ದಾಳೆ.

ಕಾಕೂ ಹೋದ ವರ್ಷ ತೀರಿಕೊಂಡರು. ಎಂಟು ದಿನ ಜ್ವರ, ಅಷ್ಟೇ. ನಾನು ಆಗ ಬಿಎಸ್ಸಿಗೆ ಹೆಸರು ಹಚ್ಚಿದ್ದೆ. ಕಾಲೇಜಿನ ಅರ್ಜಿಯನ್ನು ತುಂಬುವ ಮುಂಚೆ ಅವರಿಗೆ ತೋರಿಸಿದಾಗ, "ರಕ್ತದ ಗುಂಪ ಯಾಕ ಬೇಕಂತ ಇವರಿಗೆ?" ಅಂತ ಕೇಳಿದ್ದರು. ಊರವರು ಕಟ್ಟೆಯ ಹತ್ತಿರ ಅವರ ಫೋಟೋದ ದೊಡ್ಡ ಬ್ಯಾನರ್ ಹಾಕಿದರು. ಪೂರಾ ಹೆಸರು, ಹುಟ್ಟಿದ ದಿನ, ಮನೆತನ, ಎಲ್ಲ ಇತ್ತು ಅದರಲ್ಲಿ. ನೋಡಿದಾಗ ನನಗೆ ಒದ್ದೆ ಬಟ್ಟೆಯ ನೆನಪಾಯಿತು. ಅದಕ್ಕೇ ನಾನು ಇಲ್ಲಿ ಅವರ ಹೆಸರು ಬರೆದಿಲ್ಲ. ಚಂದ್ರಿಯದು ಬರೆದೆ, ಅದು ಕಾಕೂ ತಾವೇ ಊರೂರಿಗೆ ಹಂಚಿದ ಹೆಸರು.

ಮೂರನೆಯ ದಿನ, ದೂರದ ಊರಲ್ಲಿದ್ದ ಅವರ ಮಗ ಬಂದು ಅಂಗಡಿ ಖಾಲಿ ಮಾಡುತ್ತಿದ್ದ. ಪಾಟಿಯನ್ನು ನನಗೆ ಕೊಟ್ಟ. ನಾನು ಎರಡು ಕೊಡ ಅತ್ತಿದ್ದೆ, ಇದಕ್ಕೆ 'ಸರಿ' ಇಲ್ಲ, ಎರಡೇ ಕೊಡ. ಅಷ್ಟರಲ್ಲಿ ಟೇಬಲ್ಲಿನ ಮೇಲಿನ ಆ ಎರಡನೇ ಮೊಬೈಲು ಬಾರಿಸಿತು. ಎತ್ತಿದೆ.

"ಹಲೋ, ಚಂದ್ರಿಕಾ?"

ವಹಿ ಸುಟ್ಟು ಎರಡು ವರ್ಷವಾಗಿತ್ತು. ಹೆಸರು ಇನ್ನೂ ಎಲ್ಲೆಲ್ಲೋ ತಿರುಗುತ್ತಿತ್ತು.

"ಮೇವ ತಿನ್ನಾಕತ್ತಾಳ್ರಿ. ಮೊದಲ ನಿಮ್ಮ ಹೆಸರ ಹೇಳ್ರಿ. ವಯಸ್ಸೆಷ್ಟ? ಮನ್ಯಾಗ ಎಷ್ಟ ಮಂದಿ?" ಅಂದೆ.

ಆ ಕಡೆಯವನು ಫೋನು ಇಟ್ಟ. ಪಾಟಿಯ ಮೇಲೆ ಯಾರದೋ ಒಂದು ಏಳು ಮಸುಕಾಗಿ ಉಳಿದಿತ್ತು. ಅದನ್ನು ಬಲಗೈ ಹೆಬ್ಬೆರಳಿನಿಂದ ತಿಕ್ಕಿದೆ, ಬೆರಳು ಬೆಳ್ಳಗಾಯಿತು. ಆಮೇಲೆ ಅವತ್ತು ಊಟವನ್ನು ಎಡಗೈಯಲ್ಲಿ ಮಾಡಿದೆ. ಅವ್ವ ಬೈದಳು, ಅಪ್ಪ ನನ್ನ ಬೆರಳು ನೋಡಿದ.