ಜಟ್ಟಿಯ ರಾಣಿಯರ ಮುಖ

ಭಟ್ಕಳದಿಂದ ಕುಮಟೆಯವರೆಗೆ ನಾನು ಗುರುತಿಸಲಾರದ ಮುಖವೇ ಇಲ್ಲ. ಶರಾವತಿಯ ಆಚೆ ದಡದಲ್ಲಿ ಲಾಂಚು ಹತ್ತುವವರ ಮೂಗಿನ ತುದಿ ಕಂಡರೆ ಸಾಕು, ಈಚೆ ದಡದಲ್ಲಿ ನಿಂತು ಅವರ ಅಜ್ಜಿಯ ತವರೂರು ಹೇಳಿಬಿಡುತ್ತಿದ್ದೆ. ಹೊನ್ನಾವರ ಪೇಟೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟವನಿಗೆ ಮುಖಗಳೇ ಮೂರು ಹೊತ್ತಿನ ಊಟ.

ಎಪ್ಪತ್ತರ ದಶಕದಲ್ಲಿ ನನ್ನ ಅಂಗಡಿಗೆ ಚಿತ್ರ ತರುತ್ತಿದ್ದವನು ಹಳದೀಪುರದ ಜಟ್ಟಿ ನಾಯ್ಕ. ಅವನು ಬರೆಯುತ್ತಿದ್ದುದು ಹಳೆಯ ಕಾವ್ಯಗಳ ರಾಣಿಯರನ್ನು ಮಾತ್ರ. ಮಸಿಯಲ್ಲಿ ಅದ್ದಿದ ಟಾಕಿನಿಂದ ಗೆರೆ, ಅದು ಒಣಗಿದ ಮೇಲೆ ನೀರುಬಣ್ಣ, ಬಣ್ಣ ಕಲಸಲು ಕಡಲ ಚಿಪ್ಪು. ಗೆರೆ ಎಷ್ಟು ಸಪೂರವೆಂದರೆ, ಇರುವೆಯೊಂದು ಅದರ ಮೇಲೆ ನಡೆಯಲು ಹೋಗಿ ಕಾಲು ಜಾರಿ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಕಾಡಿಗೆ ಹೊರಟ ರಾಣಿ, ಗಂಡ ಮರೆತ ರಾಣಿ, ಕಿಟಕಿಯಲ್ಲಿ ಕೂತು ದಾರಿ ನೋಡುವ ರಾಣಿ. ಕುಮಟೆಯ ಹೋಟೆಲುಗಳಲ್ಲೂ ಭಟ್ಕಳದ ಕ್ಷೌರದಂಗಡಿಗಳಲ್ಲೂ ಅವರೇ ಗೋಡೆ ಹಿಡಿದರು. ಎಲ್ಲರದ್ದೂ ಒಂದೇ ಮುಖ: ಉದ್ದ ಮೂಗು, ಅದರಲ್ಲಿ ಹರಳಿನ ಮೂಗುಬೊಟ್ಟು, ಯಾರಿಗೋ ಕಾದು ಕಾದು ದಣಿದ ಕಣ್ಣು.

"ಯಾರು ಮಾರಾಯಾ ಇವಳು?" ಎಂದು ಕೇಳಿದೆ.

"ಕಾವ್ಯದವ್ಳು, ಶೇಟ್ರೆ" ಎಂದು ಜಟ್ಟಿ ನೆಲ ನೋಡಿದ.

ನನಗೆ ಅಷ್ಟು ಸಾಕಾಯಿತು: ಇವಳು ಎಲ್ಲೋ ಇರುವವಳೇ, ಇವನ ಮನಸ್ಸು ಹೊಕ್ಕವಳೇ. ಐವತ್ತರ ಹತ್ತಿರ ಬಂದರೂ ಮನುಷ್ಯ ಒಂಟಿ. ತಾಯಿ ತೀರಿಕೊಂಡ ಮೇಲೆ ಅವನ ಮನೆಯ ಮೆಟ್ಟಿಲು ಹತ್ತಿದ್ದು ಮಳೆನೀರು ಮಾತ್ರ. ಇವಳನ್ನು ಹುಡುಕಿ ತಂದು ಆ ಮನೆ ತುಂಬಿಸದಿದ್ದರೆ ನಾನು ವೆಂಕಟ ಶೇಟನೇ ಅಲ್ಲ ಎಂದು ಸಾರಿದೆ. ಅವನು ಬೇಡ ಎನ್ನಲಿಲ್ಲ.

ಹುಡುಕಾಟದ ಸುದ್ದಿ ಹೇಳಲು ಪ್ರತಿ ಆಯ್ತವಾರ ಹಳದೀಪುರದ ಬಸ್ಸು ಹತ್ತತೊಡಗಿದೆ. ಮೊದಲ ಸಲ ಹೋದಾಗ ಎರಡನೆಯ ಲೋಟ ಹುಡುಕುವುದಕ್ಕೇ ಅವನಿಗೆ ಅರ್ಧ ತಾಸು ಹಿಡಿಯಿತು. ಅಟ್ಟದಿಂದ ಇಳಿದ ಆ ಲೋಟದಲ್ಲಿ ಜೇಡವೊಂದು ಮರಿಮಕ್ಕಳನ್ನು ಕಂಡಿತ್ತು. ಆಮೇಲಾಮೇಲೆ ಅದು ಬೆಳ್ಳಿಯ ಹಾಗೆ ತಿಕ್ಕಿಸಿಕೊಂಡು, ಒಲೆಯ ಪಕ್ಕದಲ್ಲೇ ಬೋರಲಾಗಿ ಕಾಯುತ್ತಿತ್ತು.

"ಭಟ್ಕಳದ ಬದಿಯ ಬೆಳಕೆ ಊರಲ್ಲಿ ಮೀನು ಮಾರೂ ದುರ್ಗಿ ಇದ್ದಾಳಲ್ಲ, ಮೂಗು ಅವಳದ್ದೇ. ಕಣ್ಣು ಮಾತ್ರ ಅಲ್ಲ."

"ಹಂಗಾರೆ ಮುಂದಿನ ವಾರ ಎಲ್ಲಿ ಹುಡುಕ್ತ್ರಿ?" ಎನ್ನುತ್ತ ಅವನು ಮತ್ತಷ್ಟು ಚಾ ಸುರಿಯುತ್ತಿದ್ದ.

ಮೂರು ತಾಲೂಕಿನ ಮೂಗುಗಳೆಲ್ಲ ಮುಗಿದವು. ಸೋತೆ, ಇನ್ನು ಬರುವುದಿಲ್ಲ ಎಂದು ಹೇಳಿಬಿಡಲು ವಾರದ ನಡುವೆ ಒಂದು ದಿನ, ತಿಳಿಸದೆ ಹೋದೆ. ಕಿಟಕಿಯಲ್ಲಿ ಅವಳು! ತಲೆಯ ಮೇಲೆ ಸೆರಗು, ಮೂಗಿನಲ್ಲಿ ಹರಳು, ಅದೇ ಕಣ್ಣು. "ಸಿಕ್ಕಿದ್ಳೋ ಜಟ್ಟಿ!" ಎಂದು ನಾನು ಕೂಗಿದ ರಭಸಕ್ಕೆ ಸಮುದ್ರ ಒಂದು ಫರ್ಲಾಂಗು ಹಿಂದೆ ಸರಿಯಿತು. ಅವಳು ತಿರುಗಿದಳು. ಗಲ್ಲದ ತುಂಬ ಗಡ್ಡ. ಎದುರಿಗೆ ಕನ್ನಡಿ, ಕೈಯಲ್ಲಿ ಟಾಕು.

ಮೊದಲು ಹುಟ್ಟಿದ ಮಕ್ಕಳೆಲ್ಲ ಹೋಗಿಬಿಟ್ಟಿದ್ದರಿಂದ, ಸಾವಿನ ಕಣ್ಣಿಗೆ ಹೆಣ್ಣಾಗಿ ಕಾಣಲಿ ಎಂದು ತಾಯಿ ಜಟ್ಟಿಯ ಮೂಗು ಚುಚ್ಚಿಸಿದ್ದಳು. ನಮ್ಮ ಕಡೆ ಅಂಥವರು ಕೇರಿಗೊಬ್ಬರು ಇರುತ್ತಿದ್ದರು. ಸಾವು ಮೋಸಹೋಗಿ ಅವನ ಬಾಗಿಲಿಗೆ ಬರಲಿಲ್ಲ. ಬೇರೆ ಯಾರೂ ಬರಲಿಲ್ಲ. ಚಿತ್ರಕ್ಕೆ ಎದುರು ಕೂರುವವರು ಸಿಗದೆ, ತಾಯಿಯ ಸೀರೆ ಹೊದ್ದು, ಅವಳ ಮೂಗುಬೊಟ್ಟು ಸಿಕ್ಕಿಸಿಕೊಂಡು ತಾನೇ ಕೂರುತ್ತಿದ್ದ. ಆ ಮೂಗಿನ ತೂತು ವರ್ಷಗಟ್ಟಲೆ ನನ್ನ ಕಣ್ಣೆದುರೇ ಇತ್ತು.

"ಎಂತ ಜಟ್ಟಿ ಇದು! ನಾಯಿ ಕೈಲಿ ಕಚ್ಚಿಸಿಕೊಂಡು ಊರೂರು ಅಲೆದೆ. ಒಂದು ಮಾತು ಹೇಳೂಕೆ ಆಗ್ಲಿಲ್ವಾ ನಿಂಗೆ?"

ಅವನು ಸೆರಗು ತೆಗೆಯುವ ಗೋಜಿಗೆ ಹೋಗಲಿಲ್ಲ. ಒಲೆಯ ಪಕ್ಕದ ಲೋಟವನ್ನು ನೆಟ್ಟಗೆ ಮಾಡಿಟ್ಟ.

"ವಾರ ವಾರ ನಾ ಎದುರೇ ಕೂತಿದ್ನಲ್ಲ, ನೀವೇ ನೋಡ್ಲಿಲ್ಲ. ಹೇಳಿದ್ರೆ ಮತ್ತೆ ಬತ್ತಿದ್ರಾ, ಶೇಟ್ರೆ?"