ಕಾರು ಮನೆ ಸೇರುವವರೆಗೆ

ನನ್ನ ಗಂಡ ಕ್ಲೆಮ್ ಗಿಟಿನ್ಸ್ ಪುಕ್ಕಲ. ಸತ್ತವರನ್ನು ಹಾಗೆ ಅನ್ನಬಾರದು ಅನ್ನುತ್ತಾರೆ. ಆದರೆ ಮಣ್ಣಿನ ದಿನ ಚರ್ಚಿನಲ್ಲಿ ಎದ್ದು ನಿಂತು ಮಾತಾಡಿದವರೆಲ್ಲ ಅವನನ್ನು ಗಟ್ಟಿ ಗುಂಡಿಗೆಯವನು ಅಂದರು. ಅದು ಸುಳ್ಳು. ಅವನ ಗುಂಡಿಗೆ ಎಂಥದ್ದು ಅನ್ನುವುದು ನನಗೂ ಅವನು ಹೋದ ಮೇಲೇ ಗೊತ್ತಾಯಿತು.

ಕೆಲಸ ಮಾಡುವ ವಯಸ್ಸಿನಲ್ಲೆಲ್ಲ ಅವನು ಟ್ರ್ಯಾಕ್ಟರ್ ರಿಪೇರಿ ಮಾಡಿದ. ಕೆಲಸ ಬಿಟ್ಟ ಮೇಲೆ ನಮ್ಮ ಕೊಟ್ಟಿಗೆ ತೆರವು ಮಾಡಿ ಮೂರು ಹಳೆಯ ಕಾರು ತಂದು ನಿಲ್ಲಿಸಿದ. ಒಂದು ಕಪ್ಪು ರೋವರ್, ಒಂದು ಕೆನೆಬಣ್ಣದ ಮಾರಿಸ್, ಒಂದು ಹಸಿರು ಟ್ರಯಂಫ್. ಮೂರೂ ನಮ್ಮ ಮದುವೆಗಿಂತ ಹಳೆಯವು. ಅವನ್ನು ದಿನದ ಬಾಡಿಗೆಗೆ ಕೊಡುತ್ತಿದ್ದ. ಬರ್ಮಿಂಗ್‌ಹ್ಯಾಮ್‌ನಿಂದ, ಟೆಲ್ಫರ್ಡ್‌ನಿಂದ ಜನ ಬರುತ್ತಿದ್ದರು. ಬೆಳಿಗ್ಗೆ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದವರು ಸಂಜೆ ಕೂದಲು ಕೆದರಿಕೊಂಡು, ಕೆನ್ನೆ ಕೆಂಪು ಮಾಡಿಕೊಂಡು, ಶಾಲೆಗೆ ಚಕ್ಕರ್ ಹೊಡೆದ ಹುಡುಗರ ಹಾಗೆ ನಗುತ್ತ ಇಳಿಯುತ್ತಿದ್ದರು. ಅದನ್ನು ನೋಡುವುದಕ್ಕೇ ಕ್ಲೆಮ್ ಈ ಕೆಲಸ ಹಿಡಿದದ್ದು.

ಬೆಳಿಗ್ಗೆಗೂ ಸಂಜೆಗೂ ನಡುವೆ ಅವನು ಅನುಭವಿಸಿದ್ದು ಬೇರೆ. ಕಾರು ಗೇಟು ದಾಟಿತೋ, ಅವನು ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಊಟ ಬೇಡ. ಮಾತು ಬೇಡ. ಕಾರು ವಾಪಸು ಬಂದು ಕೊಟ್ಟಿಗೆ ಸೇರಿದ ಮೇಲೆ ಆರಿದ ಊಟವನ್ನು ಗಬಗಬ ತಿನ್ನುತ್ತಿದ್ದ.

ನಾನು ಅಣಕಿಸುತ್ತಿದ್ದೆ. "ಹೆರಿಗೆ ಕೋಣೆ ಮುಂದೆ ಕೂತಿರೋ ಗಂಡಸಿನ ಹಾಗೆ ಕೂತಿದೀಯಲ್ಲೋ. ಕಾರಿಗೆ ಏನೂ ಆಗಲ್ಲ, ತಿನ್ನು."

"ಕಾರಿಗೆ ಏನಾದ್ರೆ ನನಗೇನೇ? ಬಡಿದು ಸರಿ ಮಾಡ್ತೀನಿ," ಅನ್ನುತ್ತಿದ್ದ. "ಒಳಗೆ ಕೂತಿರೋರನ್ನ ಬಡಿದು ಸರಿ ಮಾಡಕ್ಕಾಗುತ್ತಾ?"

ಕಾರು ಕೊಡುವ ಮೊದಲು ಎಲ್ಲರಿಗೂ ಅದೇ ಪಾಠ ಹೇಳುತ್ತಿದ್ದ. ಪಾತ್ರೆ ತೊಳೆಯುತ್ತ ಕಿಟಕಿಯಿಂದ ಅದನ್ನು ಕೇಳಿ ಕೇಳಿ ನನಗೆ ಪ್ರಾರ್ಥನೆಯ ಹಾಗೆ ಬಾಯಿಪಾಠ. ಟ್ರಯಂಫ್ ಕೊಡುವಾಗ ಒಂದು ಮಾತು ಹೆಚ್ಚು. ಆ ಕಾರಿನ ಹ್ಯಾಂಡ್‌ಬ್ರೇಕ್ ಈಗಿನ ಕಾರಿನ ಹಾಗಲ್ಲ. ತುದಿಯಲ್ಲಿ ಒಂದು ಗುಂಡಿ ಇದೆ. ಈಗಿನ ಕಾರಿನಲ್ಲಿ ಆ ಗುಂಡಿ ಒತ್ತಿದರೆ ಬ್ರೇಕು ಬಿಡುತ್ತದೆ. ಟ್ರಯಂಫ್‌ನಲ್ಲಿ ಒತ್ತಿದರೇ ಹಿಡಿಯುವುದು.

"ಎಳೆದು ಗುಂಡಿ ಒತ್ತಿದ್ರೆ ಹಿಡಿಯುತ್ತೆ, ಸುಮ್ನೆ ಎಳೆದು ಬಿಟ್ರೆ ಬಿಟ್ಟೇ ಹೋಗುತ್ತೆ. ಲೋಕಕ್ಕೆಲ್ಲ ಉಲ್ಟಾ. ನೆನಪಿರಲಿ. ಇನ್ನೊಂದು, ಗುಡ್ಡದಲ್ಲಿ ನಿಲ್ಲಿಸಿದ್ರೆ ಚಕ್ರ ದಿಬ್ಬದ ಕಡೆ ತಿರುಗಿಸಿ. ಬ್ರೇಕು ಮರೆತ್ರೂ ದಿಬ್ಬ ಹಿಡ್ಕೊಳ್ಳುತ್ತೆ."

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೆ ಏಳಲಿಲ್ಲ. ಮಣ್ಣು ಮಾಡಿ ಬಂದು ಕೊಟ್ಟಿಗೆಗೆ ಬೀಗ ಹಾಕಿದೆ. ಪಕ್ಕದ ಹೊಲದ ಲೆನ್ ಬೆಬ್ ಕುರಿ ಸಾಕುವವನು, ಕ್ಲೆಮ್‌ನ ಗೆಳೆಯ. ಅವನೇ ವಾರಕ್ಕೊಮ್ಮೆ ಬೀಗದ ಕೈ ಇಸಿದುಕೊಂಡು ಮೂರನ್ನೂ ಸ್ವಲ್ಪ ಹೊತ್ತು ಓಡಿಸಿಟ್ಟು ಹೋಗುತ್ತಿದ್ದ. ಹೋಗುವಾಗ "ಮಾರಿಬಿಡೇ ಡಿಲಿಸ್" ಅನ್ನುತ್ತಿದ್ದ.

ಬಾಡಿಗೆಗೆ ಹೇಳಿಟ್ಟವರ ಹೆಸರನ್ನೆಲ್ಲ ಕ್ಲೆಮ್ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ತಲೆ ಹೋಯಿತು, ಹೆಸರೂ ಹೋಯಿತು. ಯಾರು ಬರುತ್ತಾರೋ ನನಗೆ ಗೊತ್ತಿರಲಿಲ್ಲ. ಯಾರೂ ಬರದಿರಲಿ ಅಂದುಕೊಂಡೆ.

ಮೇ ತಿಂಗಳ ಒಂದು ಶನಿವಾರ ರೋನಾ ಪ್ರೀಸ್ ಬಂದಳು.

ಬಸ್ಸಿಳಿದು ನಡೆದುಕೊಂಡೇ ಬಂದಳು. ದಪ್ಪ ಹೆಂಗಸು. ಕೈಯಲ್ಲಿ ತಿಂಡಿಯ ಬುಟ್ಟಿ, ತಲೆಗೆ ಹೂವಿನ ಸ್ಕಾರ್ಫು. "ಗಿಟಿನ್ಸ್ ಅವರ ಮನೆ ಇದೇ ತಾನೆ? ನಾನು ಟೆಲ್ಫರ್ಡ್‌ನಲ್ಲಿ ಬಸ್ಸು ಓಡಿಸ್ತಿದ್ದೆ. ಮೊನ್ನೆ ಬಿಟ್ಟೆ. ಡಿಪೋದವರೆಲ್ಲ ಸೇರಿ ನಂಗೆ ಒಂದು ದಿನ ಹಸಿರು ಕಾರು ಕೊಡಿಸಿದಾರೆ. ಎಲ್ಲಿ ನಿಮ್ಮ ಯಜಮಾನ್ರು?"

"ಸತ್ತು ಹೋದ," ಅಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ಅಯ್ಯೋ ತಾಯಿ. ನಂಗೊತ್ತಿರಲಿಲ್ಲ. ಹೋಗ್ತೀನಿ, ಮುಂದಿನ ಬಸ್ಸು ಹಿಡೀತೀನಿ." ಆಮೇಲೆ ಹೇಳಿದಳು, "ಫೋನಲ್ಲಿ ಎಷ್ಟು ನಗಿಸಿದ್ರು ಗೊತ್ತಾ? ಬಸ್ಸು ಓಡಿಸಿದ ಕಾಲಿಗೆ ಈ ಪೆಡಲ್ಲು ಕಾಣೋದೇ ಇಲ್ಲ, ತೆಳ್ಳಗಿರೋ ಚಪ್ಪಲಿ ಹಾಕ್ಕೊಂಡು ಬಾರಮ್ಮ ಅಂದಿದ್ರು."

ಅವಳ ಕಾಲು ನೋಡಿದೆ. ಹೊಸ ಚಪ್ಪಲಿ. ತೆಳ್ಳಗಿತ್ತು. ಕ್ಲೆಮ್ ಮಾತು ಕೊಟ್ಟಿದ್ದ. ಲೆನ್‌ನನ್ನು ಕೂಗಿದೆ.

ಲೆನ್ ಟ್ರಯಂಫ್ ಹೊರಗೆ ತಂದು ಎಂಜಿನ್ ಬಿಸಿ ಮಾಡಿದ. ರೋನಾ ಅದರ ಸುತ್ತ ಒಂದು ಸುತ್ತು ಬಂದು, "ಇದು ನನ್ನ ಬಸ್ಸಿನ ಸಾಮಾನು ಇಡೋ ಜಾಗದಲ್ಲಿ ಹಿಡಿಯುತ್ತೆ ಕಣ್ರೀ" ಅಂದಳು.

"ಒಳಗೆ ನೀವು ಹಿಡಿಯೋದು ಹೇಗೆ ಅಂತ ನಾನು ಯೋಚ್ನೆ ಮಾಡ್ತಿದೀನಿ," ಅಂದ ಲೆನ್.

"ಉಸಿರು ಎಳ್ಕೊಂಡು ಕೂರ್ತೀನಿ. ಸಂಜೆಗೆ ಬಿಡ್ತೀನಿ."

ನಾನು ಕ್ಲೆಮ್‌ನ ಪಾಠ ಒಪ್ಪಿಸಿದೆ. ಬಾಯಿ ಹೇಳುತ್ತಿತ್ತು, ನನಗೆ ನನ್ನ ದನಿ ಕೇಳುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತೀರಿ ಅಂತ ಕೇಳಿದೆ. "ಬರ್ವೇ ದಾರಿ ಹತ್ತಿ ಗುಡ್ಡದ ಮೇಲೆ ಕೂತು ಚಹ ಕುಡೀತೀನಿ," ಅಂದಳು. ಹೊರಟೇಬಿಟ್ಟಳು. ಎಂಜಿನ್ನಿನ ಸದ್ದು ಚರ್ಚಿನ ಹಿಂದೆ ಹೋಗಿ ಅಡಗಿತು.

ನಾನು ಒಳಗೆ ಬಂದು ಬಟ್ಟಲು ತೊಳೆಯಲು ನಿಂತೆ. ಬಟ್ಟಲು ಕೈಯಲ್ಲೇ ನಿಂತಿತು. ಹ್ಯಾಂಡ್‌ಬ್ರೇಕಿನ ಮಾತು ಹೇಳಿದೆನಾ?

ನೆನಪಾಗಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಕೇಳುವುದು ಕ್ಲೆಮ್‌ನ ದನಿ, ನನ್ನದಲ್ಲ.

ಬರ್ವೇ ದಾರಿ ಕಂಡವರಿಗೆ ಗೊತ್ತು. ಒಂದೇ ಗಾಡಿ ಹಿಡಿಯುವ ದಾರಿ, ಗೋಡೆಯ ಹಾಗೆ ಏರುತ್ತದೆ. ಹತ್ತುವಾಗ ಎಡಕ್ಕೆ ದಿಬ್ಬ. ಬಲಕ್ಕೆ ಏನೂ ಇಲ್ಲ, ಕಣಿವೆ. ತಡೆಗೋಡೆ ಇಲ್ಲ, ಕಂಬ ಇಲ್ಲ. ಕೆಳಗೆ ತೊರೆಯಲ್ಲಿ ಶನಿವಾರ ಮಕ್ಕಳು ಆಡುತ್ತಿರುತ್ತಾರೆ. ಅವಳು ಚಹ ಕುಡಿಯಲು ಕಾರು ನಿಲ್ಲಿಸುತ್ತಾಳೆ, ಕೈ ರೂಢಿಯಂತೆ ಬ್ರೇಕ್ ಎಳೆದು ಬಿಡುತ್ತಾಳೆ, ಬುಟ್ಟಿ ತೆಗೆಯಲು ಕಾರಿನ ಹಿಂದೆ ಬರುತ್ತಾಳೆ. ಇಷ್ಟೂ ನನ್ನ ಕಣ್ಣ ಮುಂದೆ ನಡೆದು ಹೋಯಿತು. ಹೊರಡುವಾಗ ಅವಳು ಬರೆದುಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆ ಗುಡ್ಡದಲ್ಲಿ ಫೋನು ಸಿಗುವುದಿಲ್ಲ, ಅದೂ ಗೊತ್ತಿತ್ತು.

ಕ್ಲೆಮ್‌ನ ವ್ಯಾನು ತೆಗೆದೆ. ಅಂಗಡಿಗೆ, ಆಸ್ಪತ್ರೆಗೆ ನಾನು ಅದನ್ನು ಓಡಿಸುತ್ತಿದ್ದೆ. ಆ ಗುಡ್ಡಕ್ಕೆ ಯಾವತ್ತೂ ಹತ್ತಿಸಿರಲಿಲ್ಲ. ಗೇಟಿನಲ್ಲಿ ಲೆನ್ ಅಡ್ಡ ಬಂದು "ಎಲ್ಲಿಗೇ?" ಅಂದ. ಹೇಳಲು ಹೊತ್ತಿರಲಿಲ್ಲ.

ಏರು ಶುರುವಾಗುವ ಕಡೆ ದನಗಳನ್ನು ತಡೆಯುವ ಕಬ್ಬಿಣದ ಜಾಲರಿ ದಾಟಿದರೆ ಆಮೇಲೆ ತಿರುಗಿಸಲು ಜಾಗವಿಲ್ಲ. ಒಂದನೇ ಗೇರಿನಲ್ಲಿ ಎಂಜಿನ್ ಅಳುತ್ತಿತ್ತು. ಬಲಗಡೆ ನೋಡಬಾರದು ಅಂದುಕೊಂಡೆ, ನೋಡಿದೆ. ಕುರಿಗಳು ಅಕ್ಕಿಕಾಳಿನಷ್ಟು ಕಾಣುತ್ತಿದ್ದವು. ಅಂಗೈ ಬೆವತು ಸ್ಟಿಯರಿಂಗ್ ಜಾರುತ್ತಿತ್ತು. ಒತ್ತಿದ್ರೆ ಹಿಡಿಯುತ್ತೆ, ಒತ್ತಿದ್ರೆ ಹಿಡಿಯುತ್ತೆ ಅಂತ ಜೋರಾಗಿ ಹೇಳಿಕೊಳ್ಳುತ್ತ ಹತ್ತಿದೆ. ಸಿಕ್ಕ ಕೂಡಲೇ ಅವಳಿಗೆ ಅದನ್ನೇ ಕೂಗಿ ಹೇಳಬೇಕು. ಒಂದೊಂದು ತಿರುವಿನಲ್ಲೂ ದಾರಿಯ ಅಂಚು ನೋಡಿದೆ, ಹುಲ್ಲು ಕಿತ್ತಿದೆಯಾ, ಚಕ್ರದ ಗುರುತು ಇದೆಯಾ ಅಂತ.

ಮೇಲಿನ ತಿರುವಿನಲ್ಲಿ ಹಸಿರು ಕಂಡಿತು. ಎದುರು ಗಾಡಿಗೆ ದಾರಿ ಬಿಡಲು ಮಾಡಿದ ಜಾಗದಲ್ಲಿ ಕಾರು ನಿಂತಿತ್ತು. ರೋನಾ ಅದರ ಹಿಂದೆ, ಸರಿಯಾಗಿ ಅದರ ಬೆನ್ನ ಕೆಳಗೆ, ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಕಾರು ಒಂದು ಮಾರು ಹಿಂದೆ ಜಾರಿದರೆ ಅವಳ ಮೇಲೆ.

ನಾನು ಅಲ್ಲೇ ಹಿಂದೆ ದಿಬ್ಬದ ಕಡೆ ಎಳೆದು ವ್ಯಾನು ನಿಲ್ಲಿಸಿದೆ. ಬ್ರೇಕು ಎಳೆದೆ, ಧುಮುಕಿದೆ, ಓಡಿದೆ.

"ಏಳಿ! ಅಲ್ಲಿಂದ ಏಳಿ! ಬ್ರೇಕು! ಗುಂಡಿ ಒತ್ತಿದೀರಾ?"

ಅವಳು ಬಾಯಿ ತುಂಬ ಕೇಕು ಇಟ್ಟುಕೊಂಡು ನನ್ನನ್ನು ನೋಡಿದಳು. ನುಂಗಿ ಹೇಳಿದಳು, "ಒತ್ತಿದೀನಮ್ಮ. ಒತ್ತಿ, ಗೇರಿಗೂ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲೂ ಕೊಟ್ಟಿದೀನಿ. ನೀವು ಅಂಗಳದಲ್ಲಿ ಎರಡು ಸಲ ಹೇಳಿದ್ರಿ. ಗೇಟಲ್ಲಿ ಒಂದು ಸಲ ಹೇಳಿದ್ರಿ. ಕಾರು ಹೊರಟ ಮೇಲೆ ಪಕ್ಕದಲ್ಲಿ ಓಡ್ಕೊಂಡು ಬಂದು ಕೂಗಿದ್ರಿ. ನಮ್ಮ ಡಿಪೋ ಮೇಸ್ತ್ರಿನೂ ಇಷ್ಟು ಕೊರೆದಿಲ್ಲ."

ಹುಲ್ಲಿನ ಮೇಲೆ ಕೂತುಬಿಟ್ಟೆ. ಓಡಿದ್ದು ನನಗೆ ನೆನಪೇ ಇರಲಿಲ್ಲ.

ರೋನಾ ನನ್ನ ಹೆಗಲ ಮೇಲಿಂದ ಆಚೆ ನೋಡಿದಳು. ಅವಳ ಮುಖದ ನಗು ಅಳಿಸಿಹೋಯಿತು.

"ಅಮ್ಮಾ," ಅಂದಳು ಮೆಲ್ಲಗೆ. "ನಿಮ್ಮ ವ್ಯಾನು."

ತಿರುಗಿದೆ. ವ್ಯಾನು ಹಿಂದಕ್ಕೆ ಹೋಗುತ್ತಿತ್ತು. ಮೊದಲು ಹಸು ಹೆಜ್ಜೆ ಇಡುವ ಹಾಗೆ ನಿಧಾನ. ಆಮೇಲೆ ಸರಸರ. ಏನಾಗಿದೆ ಅಂತ ಆ ಕ್ಷಣವೇ ತಿಳಿಯಿತು. ದಾರಿಯುದ್ದಕ್ಕೂ ಒತ್ತಿದ್ರೆ ಹಿಡಿಯುತ್ತೆ ಅಂತ ಜಪಿಸಿದವಳು, ಈಗಿನ ಕಾಲದ ವ್ಯಾನಿನ ಬ್ರೇಕು ಎಳೆದು ಗುಂಡಿ ಒತ್ತಿ ಬಿಟ್ಟಿದ್ದೆ. ಅದು ಲೋಕದ ರೀತಿಯಲ್ಲಿ ಬಿಟ್ಟುಕೊಂಡಿತ್ತು.

ನಾನು ಓಡಲು ಎದ್ದೆ. ರೋನಾ ನನ್ನ ಕೋಟಿನ ಬೆನ್ನು ಹಿಡಿದು ಎಳೆದಳು. "ಬೇಡ! ಗಾಡಿ ಹಿಂದೆ ಓಡಿ ಸಾಯ್ಬೇಡಿ!"

ಕೆಳಗೆ ಕಣಿವೆಯಲ್ಲಿ ಕೆಂಪು, ಹಳದಿ ಚುಕ್ಕೆಗಳು ಓಡಾಡುತ್ತಿದ್ದವು. ಮಕ್ಕಳ ಅಂಗಿಗಳು. ಅವರ ಕೂಗು ಮೇಲಿನವರೆಗೂ ಕೇಳುತ್ತಿತ್ತು. ಕ್ಲೆಮ್ ಸತ್ತ ದಿನವೂ ನನಗೆ ಅಷ್ಟು ಭಯ ಆಗಿರಲಿಲ್ಲ. ಅವತ್ತು ಆಗುವುದೆಲ್ಲ ಆಗಿಹೋಗಿತ್ತು. ಇದು ಇನ್ನೂ ಆಗಬೇಕಿತ್ತು.

ವ್ಯಾನಿನ ಹಿಂಭಾಗ ಎಡಕ್ಕೆ ತಿರುಗಿತು. ದಿಬ್ಬಕ್ಕೆ ದಡ್ಡನೆ ಬಡಿಯಿತು. ಮೂತಿ ಬಲಕ್ಕೆ ಹೊರಳಿ ದಾರಿಯ ಅಂಚು ದಾಟಿತು. ಮುಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಒಂದು ಕಲ್ಲು ಉರುಳಿತು. ಅದು ಕೆಳಗೆ ಮುಳ್ಳುಪೊದೆಯಲ್ಲಿ ನಿಂತ ಸದ್ದು ಕೇಳುವವರೆಗೆ ನಾವಿಬ್ಬರೂ ಉಸಿರಾಡಲಿಲ್ಲ.

ವ್ಯಾನು ನಿಂತಿತು.

ರೋನಾ ಕೆಳಗಿಳಿದು ಹೋಗಿ ಬಗ್ಗಿ ನೋಡಿದಳು. "ಚಕ್ರ ದಿಬ್ಬದ ಕಡೆ ತಿರುಗಿಸಿಟ್ಟಿದ್ರಲ್ಲ. ಅದೇ ಉಳಿಸಿದ್ದು. ಯಾರು ಕಲಿಸಿದ್ರು?"

ತಿರುಗಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಕಲಿಸಿದವನು ಯಾರು ಅಂತ ಗೊತ್ತಿತ್ತು. ಆಗ ಅತ್ತುಬಿಟ್ಟೆ. ಮಣ್ಣಿನ ದಿನವೂ ಅತ್ತಿರಲಿಲ್ಲ. ರೋನಾ ಉಳಿದ ಚಹವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಬುಟ್ಟಿಯನ್ನು ದಾರಿಯ ನಡುವೆ ಇಟ್ಟು ಅದರ ಮೇಲೆ ತನ್ನ ಹೂವಿನ ಸ್ಕಾರ್ಫು ಕಟ್ಟಿದಳು, ಬರುವ ಗಾಡಿಗಳಿಗೆ ಕಾಣಲಿ ಅಂತ. ಕೆಳಗಿನಿಂದ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ನಾನು ಹೊರಟ ರೀತಿ ನೋಡಿ ಲೆನ್ ಹಿಂದೆಯೇ ಬಂದಿದ್ದ.

ಅವನು ವ್ಯಾನನ್ನೂ ನನ್ನನ್ನೂ ನೋಡಿದ. "ಕ್ಲೆಮ್ ಇಷ್ಟು ವರ್ಷ ಒಂದು ಕನ್ನಡಿ ಮುರೀಲಿಲ್ಲ. ನೀನು ಒಂದೇ ದಿನಕ್ಕೆ ಅವನ ಹೆಸರು ಗುಡ್ಡದ ಮೇಲೆ ನೇತು ಹಾಕಿದೆಯಲ್ಲೇ." ಹಾಗಂದ, ಆದರೆ ಹಗ್ಗದ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದ.

ವ್ಯಾನನ್ನು ಅವನು ಎಳೆದುಕೊಂಡು ಹೋದ. ನಾನು ಮನೆಗೆ ಬರಬೇಕಾದರೆ ಟ್ರಯಂಫ್‌ನಲ್ಲೇ ಬರಬೇಕು. ಆ ಕಾರು ನಮ್ಮ ಮನೆಗೆ ಬಂದಾಗಿನಿಂದ ನಾನು ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. ಕ್ಲೆಮ್ ಕರೆದಾಗಲೆಲ್ಲ ಏನೋ ಕೆಲಸ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವನನ್ನು ಪುಕ್ಕಲ ಅನ್ನುತ್ತಿದ್ದವಳು ನಾನೇ.

"ಕೂತ್ಕೊಳ್ಳಿ," ಅಂದಳು ರೋನಾ. "ಮೂವತ್ತು ವರ್ಷ ಶಾಲೆ ಮಕ್ಕಳನ್ನ ಹೊತ್ತು ತಿರುಗಿದೀನಿ. ನಿಮ್ಮನ್ನ ಚೆಲ್ಲಲ್ಲ."

ಇಳಿಯುವಾಗ ಕಣಿವೆ ನನ್ನ ಕಡೆ. ಆ ಕಾರಿನ ಬಾಗಿಲು ಮೊಣಕೈ ಹತ್ತಿರ ತಗ್ಗಾಗಿ ಕತ್ತರಿಸಿದೆ. ಕೈ ಇಳಿಬಿಟ್ಟರೆ ನೆಲ ಸವರಬಹುದು. ನೆಲ ಮುಗಿದು ಗಾಳಿ ಶುರುವಾಗುವ ಗೆರೆ ಒಂದು ಗೇಣು ದೂರದಲ್ಲಿ ಓಡುತ್ತಿತ್ತು. ಎಂಜಿನ್ ಗುಡುಗಿದ್ದು ಬೆನ್ನುಮೂಳೆಯಲ್ಲಿ ಕೇಳುತ್ತಿತ್ತು. ಎಣ್ಣೆಯ ವಾಸನೆ, ಬಿಸಿ ತೊಗಲಿನ ವಾಸನೆ, ಕ್ಲೆಮ್‌ನ ಅಂಗಿಯ ವಾಸನೆ ಅದು. ಒಂದು ತಿರುವಿನಲ್ಲಿ ನಾನು ಕೂಗಿದೆ. ರೋನಾಳೂ ಕೂಗಿದಳು. ಎರಡನೇ ಸಲ ಕೂಗಿದ್ದು ಭಯಕ್ಕೋ ಇನ್ನೇನಕ್ಕೋ ನನಗೆ ಗೊತ್ತಿಲ್ಲ. ಗಾಳಿ ನನ್ನ ಹಲ್ಲಿಗೆ ಹೊಡೆಯುತ್ತಿತ್ತು. ಅಂದರೆ ನಾನು ನಗುತ್ತಿದ್ದೆ.

ಕೊಟ್ಟಿಗೆಯಲ್ಲಿ ಅವಳು ಬ್ರೇಕು ಎಳೆದು, ನನಗೆ ಕಾಣುವ ಹಾಗೆ ಹೆಬ್ಬೆರಳು ಎತ್ತಿ, ಗುಂಡಿ ಒತ್ತಿದಳು.

ಅವಳ ಬಸ್ಸು ಹೋದ ಮೇಲೆ ನಿನ್ನೆ ಉಳಿದ ಮಾಂಸದ ಪೈ ತೆಗೆದುಕೊಂಡು ಕಿಟಕಿಯ ಬಳಿ ಅವನ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬಿಸಿ ಮಾಡುವಷ್ಟು ತಾಳ್ಮೆ ಇರಲಿಲ್ಲ. ಗಬಗಬ ತಿಂದೆ.

ಜೂನ್‌ನಲ್ಲಿ ಮೂರೂ ಕಾರು ಮಾರಿದೆ. ಆ ಭಯವನ್ನು ವಾರ ವಾರ ಹೊರಲು ಕ್ಲೆಮ್‌ಗೆ ಆಗುತ್ತಿತ್ತು, ನನಗಾಗದು. ಟ್ರಯಂಫ್ ಕೊಂಡವನು ಲಡ್ಲೋದ ಹುಡುಗ. ಅವನಿಗೆ ಹ್ಯಾಂಡ್‌ಬ್ರೇಕಿನ ಮಾತು ಹೇಳಿದೆ.

"ಆಗಲೇ ಮೂರು ಸಲ ಹೇಳಿದ್ರಿ ಅಮ್ಮ," ಅಂದ.

ಇನ್ನೊಂದು ಸಲ ಹೇಳಿದೆ. ಮನೆ ಸೇರಿದ ಕೂಡಲೇ ಫೋನ್ ಮಾಡು ಅಂದೆ. ಅವನು ಮಾಡುವವರೆಗೆ ಒಲೆ ಹಚ್ಚಲಿಲ್ಲ.